ಹುಲಿಗೆವ್ವನ ಗಾಡಿಯ ಹಿಂಜರಿಕೆ

ಹುಲಿಗೆವ್ವ ಮೊರದಲ್ಲಿದ್ದ ಜೋಳದಿಂದ ಕೊನೆಯ ಹರಳನ್ನು ಆರಿಸಿ ಬಿಸಾಡಿ, ಮೊಣಕೈಯನ್ನು ಗಾಡಿಯ ಹಿಂಬಾಗಿಲಿನ ಹತ್ತಿರ ತಂದಳು. ಎರಡೂ ಕೈ ತುಂಬಿದ್ದಾಗ ಮೊಣಕೈ ತೋರಿಸಿದರೆ ಸಾಕು, ಬಾಗಿಲು ತಾನೇ ತೆರೆದುಕೊಳ್ಳಬೇಕು. ಅದು ಒಂದು ಗೇಣು ತೆರೆಯಿತು, ನಿಂತಿತು, ಏನನ್ನೋ ಯೋಚಿಸಿದಂತೆ ಮಾಡಿ ಮೆಲ್ಲಗೆ ಮುಚ್ಚಿಕೊಂಡಿತು.

"ಯವ್ವಾ ಹುಲಿಗೆವ್ವ, ನಿನ್ನ ಗಾಡಿಗೆ ಮಂದೀನ್ನ ನೋಡಿ ನಾಚಿಕಿ ಬರಾಕ ಹತ್ತೈತೇನ?" ಎಂದು ಗೋದಿ ಡಬ್ಬಿ ಹಿಡಿದು ಸರದಿಯಲ್ಲಿ ನಿಂತಿದ್ದ ಪಾರಮ್ಮ ಕೇಳಿದಳು. "ಹೊಸಾ ಸೊಸಿ ಬಾಗಲ ಸಂದ್ಯಾಗ ಹಣಿಕಿ ಹಾಕಿ ಒಳಗ ಹೋದಂಗ ಮಾಡತೈತಿ."

"ನಗಬ್ಯಾಡ ನೀ. ಬರೋ ಶುಕ್ರವಾರ ತಪಾಸಣಿ ಐತಿ. ಅವರ ಮುಂದ ಹಿಂಗ ಮಾಡಿತಂದ್ರ ಪರವಾನಗಿ ಹೋತು, ನನ್ನ ಗಿರಣೀನೂ ಹೋತು."

ಅದು ಬೆಟಗೇರಿಯ ಓಣಿ ಓಣಿಗೆ ಹೋಗಿ ಮನೆಬಾಗಿಲಲ್ಲೇ ಹಿಟ್ಟು ಬೀಸಿಕೊಡುವ ಸಂಚಾರಿ ಗಿರಣಿ. ಐವತ್ತಾರು ವರ್ಷದ ಹುಲಿಗೆವ್ವನಿಗೆ ಅದೇ ದುಡಿಮೆ, ಅದೇ ದಿನಚರಿ. ಒಳಗೆ ಕಲ್ಲು ತಿರುಗುವ ಗಾಡಿಯ ಬಾಗಿಲು ಹೇಳಿದಂತೆ ತೆರೆದು ಮುಚ್ಚದಿದ್ದರೆ ಅಂಥ ಗಾಡಿಯನ್ನು ಬೀದಿಗೆ ಬಿಡುವಂತಿಲ್ಲ ಎಂಬುದು ಸರ್ಕಾರದ ನಿಯಮ. ನಿಯಮದಲ್ಲಿ ತಪ್ಪೇನೂ ಇರಲಿಲ್ಲ.

ಗಾಡಿಯನ್ನು ಓಡಿಸುವುದು ಎಂಜಿನ್. ಬಾಗಿಲು, ಬೀಗ, ದೀಪ, ಹಾರ್ನು, ಗಾಜು ಒರೆಸುವ ಕಡ್ಡಿ, ಹೀಗೆ ಉಳಿದ ಮೈಯನ್ನೆಲ್ಲ ನೋಡಿಕೊಳ್ಳುವುದು ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ. ಅದಕ್ಕೆ ಮೈನಿಯಂತ್ರಕ ಎಂದು ಹೆಸರು. ಹಿಂದಿನ ಕಾಲದ ಮೈನಿಯಂತ್ರಕಗಳು ಹೇಳಿದ್ದಷ್ಟನ್ನು ಮಾಡಿ ಸುಮ್ಮನಿರುತ್ತಿದ್ದವು. ಧಾರವಾಡದ ವಿಜ್ಞಾನಿ ಡಾ. ರೇಣುಕಾ ಹೊಂಬಳ ಅದರೊಳಗೆ ರೂಢಿಕೋಶ ಎಂಬ ಹೊಸ ಭಾಗವನ್ನು ಸೇರಿಸಿದ ಮೇಲೆ ಅವು ಮಾಲೀಕರನ್ನು ನೋಡಿ ಕಲಿಯತೊಡಗಿದವು. ಯಾರಿಗೆ ಬಾಗಿಲು ಪೂರ್ತಿ ಬೇಕು, ಯಾರಿಗೆ ಅರ್ಧ ಸಾಕು, ಯಾರ ಓಣಿಯಲ್ಲಿ ಹಾರ್ನು ಮೆತ್ತಗಿರಬೇಕು, ಎಲ್ಲವನ್ನೂ ಮೂರು ತಿಂಗಳೊಳಗೆ ತಿಳಿದುಕೊಳ್ಳುತ್ತಿದ್ದವು. ಕೈಗೆಲ್ಲ ಹಿಟ್ಟು, ಎಣ್ಣೆ, ಸಿಮೆಂಟು ಮೆತ್ತಿಕೊಂಡು ದುಡಿಯುವವರಿಗೆ ಇದರಿಂದ ದೊಡ್ಡ ಉಪಕಾರವಾಗಿತ್ತು.

ಸೋಮವಾರ ಹುಲಿಗೆವ್ವ ಮೆಕ್ಯಾನಿಕ್ ದಾವಲಸಾಬರ ಗ್ಯಾರೇಜಿಗೆ ಹೋದಳು. ಅವರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಾಗಿಲ ಮುಂದೆ ಮೊಣಕೈ ಆಡಿಸಿ, ಅದು ಇಣುಕಿ ಮುಚ್ಚಿಕೊಂಡದ್ದನ್ನು ನೋಡಿ ಗಡ್ಡ ಕೆರೆದುಕೊಂಡರು.

"ತಂಗೀ, ಇದರ ಮೈನಿಯಂತ್ರಕ ಕೆಟ್ಟೈತಿ. ಹೊಸಾದ ಹಾಕ್ತೀನಿ. ಸಂಜಿಗೆ ತಗೊಂಡ ಹೋಗು."

ಹಾಕಿದರು. ಮಂಗಳವಾರ ಹಿಂಬಾಗಿಲಿನ ಜತೆಗೆ ಗಾಜಿನ ಕಡ್ಡಿಯೂ ಅರ್ಧಕ್ಕೆ ಎದ್ದು ಮಲಗಿತು. ಬುಧವಾರ ಹಾರ್ನು 'ಪೊ' ಎಂದು ತಡವರಿಸಿ, ಮುಂದಿನದನ್ನು ನುಂಗಿಕೊಂಡಿತು. ಅಡ್ಡ ನಿಂತಿದ್ದ ಎಮ್ಮೆ ತಿರುಗಿ ನೋಡುವ ಗೋಜಿಗೂ ಹೋಗಲಿಲ್ಲ.

ತಲೆ ಕೆಡಿಸಿಕೊಂಡ ದಾವಲಸಾಬರು ಧಾರವಾಡಕ್ಕೆ ಫೋನು ಹಚ್ಚಿದರು. ಹೊಚ್ಚ ಹೊಸ ಪೆಟ್ಟಿಗೆ ಒಂದೇ ದಿನದಲ್ಲಿ ಕೆಟ್ಟಿತೆಂದರೆ ಡಾ. ರೇಣುಕಾ ಸುಮ್ಮನಿರುವರೇ? ಗುರುವಾರ ಬೆಳಿಗ್ಗೆ, ಪರೀಕ್ಷೆಯ ಫಲಕವನ್ನು ಕಂಕುಳಲ್ಲಿಟ್ಟುಕೊಂಡು ತಾವೇ ಬಂದಿಳಿದರು. ತಪಾಸಣೆಗೆ ಒಂದೇ ದಿನ ಉಳಿದಿತ್ತು.

"ಹೊಸಾ ಪೆಟ್ಟಿಗಿ ಖಾಲೀನ ಹಾಕಿದಿರಲ್ರೀ?" ಎಂದು ಮೊದಲು ಕೇಳಿದರು.

"ಖಾಲಿ ಯಾರ ಹಾಕ್ತಾರ್ರಿ?" ದಾವಲಸಾಬರಿಗೇ ಆಶ್ಚರ್ಯ. "ಹೆಪ್ಪ ಹಾಕಿನ್ರಿ."

"ಹೆಪ್ಪು?"

"ಹೂನ್ರಿ. ಹಳೇ ಪೆಟಗಿಯೊಳಗಿನ ರೂಢಿ ತಗದು ಹೊಸಾದಕ್ಕ ಹಾಕೂದು. ಮಸರಿನ ಹೆಪ್ಪ ಇದ್ದಂಗ. ಇಲ್ಲಾಂದ್ರ ಮೂರ ತಿಂಗಳ ಬಾಗಲಾ ಎಲ್ಲಾರ ಹಣಿಗೆ ಬಡೀತೈತಿ. ಗದಗದಿಂದ ಹುಬ್ಬಳ್ಳಿ ಮಟಾ ಎಲ್ಲಾ ಗ್ಯಾರೇಜಿನ್ಯಾಗೂ ಹಿಂಗ ಮಾಡ್ತೀವ್ರಿ."

ಡಾ. ರೇಣುಕಾ ಬರೆದ ಇನ್ನೂರು ಪುಟದ ಕೈಪಿಡಿಯಲ್ಲಿ ಹೆಪ್ಪಿನ ಮಾತೇ ಇರಲಿಲ್ಲ. ಅವರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. "ಹಂಗಾರ ಪೆಟ್ಟಿಗಿ ಹೊಸಾದು, ಒಳಗಿನ ರೋಗ ಹಳೇದು. ಬರ್ರಿ, ಅಮ್ಮಾರು ದಿನಾ ಹೋಗೋ ದಾರ್ಯಾಗ ಒಂದ ಸುತ್ತ ಹೋಗಿ ಬರೂಣು."

ಹುಲಿಗೆವ್ವ ಗಾಡಿ ನಡೆಸಿದಳು. ಪಕ್ಕದಲ್ಲಿ ವಿಜ್ಞಾನಿ, ಹಿಂದೆ ಜೋಳದ ಚೀಲಗಳ ನಡುವೆ ದಾವಲಸಾಬರು. ಅಂಚೆ ಕಚೇರಿಯ ತಿರುವಿನ ಬೇವಿನ ಮರದ ಹತ್ತಿರ ಬರುತ್ತಲೇ ಅವಳು ಎಂದೂ ಇಲ್ಲದ ಅವಸರದಿಂದ ಮುಂದಕ್ಕೆ ಹೊರಟಳು. ಆದರೆ ಗಾಡಿ ತಾನೇ ಎಡಗಡೆಯ ದೀಪ ಮಿಣುಕಿಸಿತು. ವಿಜ್ಞಾನಿ ಅದನ್ನು ನೋಡಿಬಿಟ್ಟಿದ್ದರಿಂದ ಬೇರೆ ದಾರಿ ಕಾಣದೆ ಅವಳು ಮರದಡಿ ನಿಲ್ಲಿಸಿದಳು. ಸ್ಟೀರಿಂಗಿನ ಪಕ್ಕದಲ್ಲಿ ಸಾಮಾನಿಡುವ ಸಣ್ಣ ಡಬ್ಬಿಯ ಮುಚ್ಚಳ ಯಾರೂ ಮುಟ್ಟದೆ ತೆರೆದುಕೊಂಡಿತು. ಒಳಗಿನ ದೀಪ ಹೊತ್ತಿತು. ಅಂಚು ಹಳದಿಯಾದ ಒಂದು ಲಕೋಟೆ ಬೆಳಕಿನಲ್ಲಿ ಮಲಗಿತ್ತು.

ಹುಲಿಗೆವ್ವ ಥಟ್ಟನೆ ಮುಚ್ಚಳವನ್ನು ಒತ್ತಿದಳು. ಅದು ಮತ್ತೆ ತೆರೆಯಿತು.

"ಮುಚ್ಚಬ್ಯಾಡ್ರಿ, ಅದು ನಮಗ ತೋರಿಸಾಕ ಹತ್ತೈತಿ," ಎಂದು ಡಾ. ರೇಣುಕಾ ತಮ್ಮ ಫಲಕವನ್ನು ನೋಡಿದರು. ಓದುತ್ತಾ ಹೋದಂತೆ ಅವರ ಮುಖದಲ್ಲಿ ನಗೆ ಮೂಡಿತು. "ಅಮ್ಮಾರ, ಈ ಡಬ್ಬೀನ ಇಲ್ಲೇ, ಇದೇ ಮರದ ಬುಡಕ, ಒಂದು ಸಾವಿರದ ಇನ್ನೂರಾ ಆರು ಸಲ ತಗದೀರಿ. ತಗೀತೀರಿ, ಸುಮ್ಮನ ಕುಂದ್ರತೀರಿ, ಮುಚ್ಚತೀರಿ."

ಹಿಂದಿನಿಂದ ದಾವಲಸಾಬರು ಚೀಲದ ಮೇಲೆ ಕತ್ತು ಚಾಚಿದರು. "ಏನ ಐತಿ ತಂಗೀ ಅದರಾಗ? ಬಂಗಾರನ?"

"ನಿನ್ನ ತಲಿ," ಎಂದಳು ಹುಲಿಗೆವ್ವ.

ಡಾ. ರೇಣುಕಾ ನಿಧಾನವಾಗಿ ವಿವರಿಸಿದರು. ಸ್ಟೀರಿಂಗಿನಲ್ಲೂ ಸೀಟಿನಲ್ಲೂ ಒತ್ತಡವನ್ನು ಅಳೆಯುವ ಎಳೆಗಳಿವೆ. ಮಾಲೀಕ ಯಾವ ಕೆಲಸವನ್ನು ಹೆಚ್ಚು ಮನಸ್ಸಿಟ್ಟು ಮಾಡುತ್ತಾನೋ ಅದನ್ನೇ ರೂಢಿಕೋಶ ಮಾದರಿಯಾಗಿ ಇಟ್ಟುಕೊಳ್ಳುತ್ತದೆ. ಹಿಂಬಾಗಿಲನ್ನು ತೆಗೆಯುವಾಗ ಹುಲಿಗೆವ್ವನ ಮನಸ್ಸು ಪಾರಮ್ಮನ ಹರಟೆಯಲ್ಲಿರುತ್ತದೆ. ಈ ಡಬ್ಬಿಯನ್ನು ತೆಗೆಯುವಾಗ ಮಾತ್ರ ಮೈಯೆಲ್ಲ ಮನಸ್ಸಾಗಿರುತ್ತದೆ. ಹೀಗಾಗಿ, ತೆಗೆಯುವುದೆಂದರೆ ಅರ್ಧ ತೆಗೆದು, ಯೋಚಿಸಿ, ಮುಚ್ಚುವುದು ಎಂದು ಗಾಡಿ ಶ್ರದ್ಧೆಯಿಂದ ಕಲಿತುಬಿಟ್ಟಿದೆ. ಹೋದ ತಿಂಗಳಿಂದ ಅವಳು ದಿನಕ್ಕೆ ಮೂರು ನಾಲ್ಕು ಸಲ ತೆಗೆದದ್ದರಿಂದ ಪಾಠ ಗಟ್ಟಿಯಾಗಿದೆ.

"ಕೆಟ್ಟಿಲ್ರಿ ಅದು. ನಿಮ್ಮ ಹಂಗ ಆಗೈತಿ, ಅಷ್ಟ."

ಹುಲಿಗೆವ್ವ ಸೆರಗಿನ ಅಂಚಿನಿಂದ ಡಬ್ಬಿಯ ಧೂಳು ಒರೆಸುತ್ತಾ ಹೇಳಿದಳು.

"ಇಳಕಲ್ಲಾಗ ನಮ್ಮಕ್ಕ ಅದಾಳ್ರಿ, ಸಾವಂತ್ರೆವ್ವ. ನಮ್ಮವ್ವನ ಬೀಸುಕಲ್ಲ ತನಗ ಬೇಕಂದ್ಲು. ನಾ ಆಕಿ ಮಗಳ ಕುಬುಸದ ದಿನಾ, ಸೀಮಂತಕ್ಕ ಬಂದ ಅಷ್ಟೂ ಮಂದಿ ಮುಂದ, 'ಪಾಕೀಟಿನ ಹಿಟ್ಟ ತಿನ್ನಾಕಿಗೆ ಬೀಸುಕಲ್ಲ ಯಾಕ' ಅಂದ್ಬಿಟ್ಟೆ. ಏಳ ವರ್ಷಾತು ಮಾತ ಬಿಟ್ಟು. ಫೋನ್ ಹಚ್ಚಿದ್ರ ನನ್ನ ದನಿ ಕೇಳಿ ಇಟ್ಟಬಿಡ್ತಾಳ. ಅದಕ್ಕ ಪತ್ರಾ ಬರದೆ. ಕಲ್ಲು ನಿಂದ, ನಂದು ತಪ್ಪಾತು ಅಂತ. ನಾಕ ವರ್ಷಾತು ಬರದು."

"ಮತ್ತ ಹಾಕಾಕೇನಾಗಿತ್ರಿ?" ಎಂದರು ಡಾ. ರೇಣುಕಾ.

"ಓದದ ಹರದ ಒಗದ್ರ? ಡಬ್ಬಿಯೊಳಗ ಇರೂಮಟಾ ಆಕಿ ಹರದಿಲ್ಲ ನೋಡ್ರಿ." ಅವಳು ದನಿ ತಗ್ಗಿಸಿದಳು. "ಹೋದ ತಿಂಗಳ ಸುದ್ದಿ ಬಂತು, ಆಕಿ ಕಣ್ಣ ಮಂಜ ಆಗಾಕ ಹತ್ಯಾವಂತ. ಇನ್ನ ತಡಾ ಮಾಡಿದ್ರ ಓದಾಕರ ಆಗತೈತೋ ಇಲ್ಲೋ. ಹಿಂಗಾಗಿ ತಗೀತೀನಿ. ತಗದ ಕೂಡ್ಲೆ ಧೈರ್ಯ ಹೋಗತೈತಿ."

ಹಿಂದಿದ್ದ ದಾವಲಸಾಬರು ಮೆಲ್ಲಗೆ ಕೆಮ್ಮಿ ವಿಜ್ಞಾನಿಯತ್ತ ಬಾಗಿದರು. "ಒಂದ ಮಾತ ಹೇಳಬೇಕ್ರಿ ಬಾಯಾರ. ಊರಾಗ ಭಾಳ ಚಲೋ ನಡತಿ ಗಾಡಿ ಅಂತ, ಇದರ ಹೆಪ್ಪ ತಗದು ಬ್ಯಾರೇ ಗಾಡಿಗೂ ಹಾಕೇನ್ರಿ."

"ಎಷ್ಟಕ್ಕ?"

"ಹದಿನಾಕಕ್ಕ. ಹಾಲಿನ ಗಾಡಿ, ಗ್ಯಾಸಿನ ಗಾಡಿ, ಶಾಮಿಯಾನದ್ದು..."

"ಅಂದ್ರ," ಡಾ. ರೇಣುಕಾ ಹಣೆ ಒತ್ತಿಕೊಂಡರು, "ಈ ಅಮ್ಮಾರ ಪತ್ರಕ್ಕ ಅರ್ಧಾ ಗದಗ ಕಾಯಾಕ ಹತ್ತೈತಿ."

ಖಾಲಿ ಪೆಟ್ಟಿಗೆ ಹಾಕಿದರೂ ಪ್ರಯೋಜನವಿರಲಿಲ್ಲ. ಹುಲಿಗೆವ್ವ ಅದಕ್ಕೂ ನಾಳೆಯಿಂದ ಇದೇ ಪಾಠ ಹೇಳಿಕೊಡುತ್ತಿದ್ದಳು. ಕೈಬಿಟ್ಟ ಕೆಲಸ ಮುಗಿದದ್ದನ್ನು ರೂಢಿಕೋಶ ಒಮ್ಮೆ ಕಣ್ಣಾರೆ ಕಾಣಬೇಕು, ಉಳಿದ ದಾರಿ ಅದೊಂದೇ ಎಂದರು ವಿಜ್ಞಾನಿ. ಡಬ್ಬಿ ತೆರೆಯಬೇಕು, ಲಕೋಟೆ ಹೊರಗೆ ಹೋಗಬೇಕು, ಮರಳಿ ಬರಬಾರದು.

ಹುಲಿಗೆವ್ವ ಸುಲಭವಾಗಿ ಸೋಲುವವಳಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಲಕೋಟೆಯಂತೆ ಮಡಚಿ, ಡಬ್ಬಿಯಲ್ಲಿಟ್ಟು ಮುಚ್ಚಿದಳು, ತೆಗೆದಳು, ಇಳಿದು ಹೋಗಿ ಮರದ ಹಿಂದಿನ ಕಸದ ಬುಟ್ಟಿಗೆ ಹಾಕಿ, ಕೈ ಝಾಡಿಸುತ್ತಾ ಬಂದು ಹಿಂಬಾಗಿಲಿಗೆ ಮೊಣಕೈ ತೋರಿಸಿದಳು. ಬಾಗಿಲು ಒಂದು ಗೇಣು ತೆರೆದು ಅವಳನ್ನು ನೋಡಿ ಮುಚ್ಚಿಕೊಂಡಿತು.

"ಅದಕ್ಕ ಮೋಸಾ ಗೊತ್ತಾಗತೈತಿ ತಂಗೀ. ನಿನ್ನ ಕೈಯಾಗ ಪಳಗಿದ್ದು," ಎಂದರು ದಾವಲಸಾಬರು. "ಕೊಡ ಇಲ್ಲೆ, ನಾ ಹಾಕಿ ಬರ್ತೀನಿ."

"ಅವರ ಕೈಲೇ ಆಗಬೇಕ್ರಿ," ಎಂದು ಡಾ. ರೇಣುಕಾ ತಡೆದರು.

ಹುಲಿಗೆವ್ವ ಸೀಟಿಗೆ ಮರಳಿದಳು. ಹಿಟ್ಟು ಮೆತ್ತಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. "ಬಾಯಾರ, ಆಕಿ ಹರದ ಒಗದ್ರ ನಿಮ್ಮ ಯಂತ್ರಕ್ಕ ಗೊತ್ತಾಗತೈತೇನ್ರಿ?"

"ಇಲ್ರಿ. ಅಷ್ಟ ದೂರದ್ದು ಅದಕ್ಕ ತಿಳಿಯೂದಿಲ್ಲ. ನನಗೂ ತಿಳಿಯೂದಿಲ್ಲ."

"ಚಲೋ ಆತು. ಎಲ್ಲಾ ತಿಳದವರ ಮುಂದ ಬದಕೂದು ಕಷ್ಟ."

ಡಬ್ಬಿ ತೆರೆದುಕೊಂಡಿತು. ಅವಳು ಲಕೋಟೆಯನ್ನು ಎತ್ತಿಕೊಂಡಳು. ವಿಳಾಸದ ಶಾಯಿ ಮಸುಕಾಗಿದ್ದರಿಂದ ವಿಜ್ಞಾನಿಯ ಪೆನ್ನು ಇಸಿದುಕೊಂಡು ಅಕ್ಷರಗಳನ್ನು ಒಂದೊಂದಾಗಿ ತಿದ್ದಿದಳು. ಮಂಜಾದ ಕಣ್ಣಿಗೂ ಕಾಣಲಿ ಎಂದು ಅಕ್ಕನ ಹೆಸರನ್ನು ದಪ್ಪ ಮಾಡಿದಳು. ಇಳಿದು, ಹನ್ನೆರಡು ಹೆಜ್ಜೆ ನಡೆದು, ಅಂಚೆ ಕಚೇರಿಯ ಕೆಂಪು ಟಪಾಲು ಡಬ್ಬಿಯ ಬಾಯಿಗೆ ಲಕೋಟೆಯನ್ನು ಅರ್ಧ ತೂರಿಸಿ ನಿಂತಳು.

ಡಾ. ರೇಣುಕಾ ಫಲಕವನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು.

ಆ ಕಾಲಕ್ಕೆ ಪತ್ರ ಹಾಕುವವರೇ ವಿರಳ. ಹುಲಿಗೆವ್ವನ ಬೆರಳು ಸಡಿಲವಾದಾಗ, ಖಾಲಿ ಡಬ್ಬಿಯ ತಳಕ್ಕೆ ಲಕೋಟೆ ತಟ್ಟಿದ ಸದ್ದು ಗಾಡಿಯವರೆಗೂ ಕೇಳಿಸಿತು.