ಅರವತ್ತನಾಲ್ಕು ಮನೆ, ಎಂಟು ತಿಂಗಳ ಸೀರೆ

ಇಬ್ರಾಹಿಂಪುರದಲ್ಲಿ ಬೀಗ ಹಾಕಿದ್ದ ಕೋಣೆಯೊಂದನ್ನು ಪೊಲೀಸರು ಒಡೆದಾಗ ಕಂಟ್ರೋಲ್ ಮುದ್ರೆಯ ತೊಂಬತ್ತು ಸೀರೆ ಸಿಕ್ಕವು. ಕಾಳಸಂತೆಯ ಮಾಲು. ಯಾರದೆಂದು ಹೇಳುವವರಿಲ್ಲ.

ಅದು ಯುದ್ಧದ ಕಾಲ, ಬಟ್ಟೆಗೆ ಬರ. ತಿಕೋಟಾ, ಬಬಲೇಶ್ವರದ ಕಂಟ್ರೋಲ್ ಅಂಗಡಿಗಳಲ್ಲಿ, ಅಂದರೆ ಸರಕಾರಿ ಪಡಿತರದ ಅಂಗಡಿಗಳಲ್ಲಿ, ತಿಂಗಳಿಗೊಮ್ಮೆ ಪ್ರತಿ ಮನೆಯ ಹೆಸರಿಗೂ ನಾಣ್ಯ ಹಾರಿಸಬೇಕೆಂಬ ನಿಯಮ. ರಾಜನ ಮುಖ ಮೇಲಾದರೆ ಸೀರೆ, ಇಲ್ಲವಾದರೆ ಬರಿಗೈ. ಒಂದೊಂದು ಅಂಗಡಿಗೆ ಅರವತ್ತನಾಲ್ಕು ಮನೆ.

ಠಾಣೆಯ ಫೌಜದಾರ ದಶರಥ ಎರಡೂ ಅಂಗಡಿಗಳ ಎಂಟು ತಿಂಗಳ ಪಟ್ಟಿ ತರಿಸಿದ. ತಿಕೋಟಾದ ವಿಧವೆ ದಾವಲಬಿಗೆ ಎಂಟರಲ್ಲಿ ಏಳು ಸಲ ಸೀರೆ ಬಂದಿತ್ತು. ಕಳ್ಳಿ ಇವಳೇ ಎಂದುಕೊಂಡ. ಓಣಿಯೆಲ್ಲ ನೋಡುತ್ತಿರುವಾಗ ಅವಳ ಪೆಟ್ಟಿಗೆಯನ್ನು ಬೀದಿಗೆ ಸುರುವಿಸಿದ. ನಾಲ್ಕು ಸಿಕ್ಕವು. ಉಳಿದ ಮೂರು ಮಗಳಿಗೆ ಕೊಟ್ಟೆನೆಂದಳು. ಅವನು ನಂಬಲಿಲ್ಲ, ಠಾಣೆಗೆ ಎಳೆತಂದ.

*

ದಶರಥ ಸಂಜೆ ಶಾಲೆಗೆ ಹೋಗಿ ಲೆಕ್ಕ ಕಲಿಯುತ್ತಿದ್ದ. ಅಲ್ಲಿ ಪೀರಸಾಬ ಮಾಸ್ತರರ ಮುಂದೆ ತನ್ನ ಪತ್ತೆದಾರಿಕೆ ಕೊಚ್ಚಿಕೊಂಡ. ಮಾಸ್ತರರು ಸಾಲಿಗೆ ಎಂಟರಂತೆ ಅರವತ್ತನಾಲ್ಕು ಸಾಲು ನಾಣ್ಯ ಹಾರಿಸಿ ಬರೆಯಲು ಹೇಳಿದರು. ಬರೆದ. ಎರಡು ಸಾಲುಗಳಲ್ಲಿ ಏಳೇಳು ಮುಖ.

"ಈ ಎರಡೂ ಸಾಲಿಗೆ ಬೇಡಿ ಹಾಕ್ತೀರೇನ್ರಿ, ಫೌಜದಾರ್ರ?"

ಆಮೇಲೆ ಮಾಸ್ತರರು ಬಿಡಿಸಿ ಹೇಳಿದರು. ಎಂಟು ಸಲ ಹಾರಿಸಿದರೆ ಮುಖ ಬೆನ್ನು ಇನ್ನೂರೈವತ್ತಾರು ರೀತಿ ಬೀಳಬಹುದು. ಅದರಲ್ಲಿ ಏಳು ಮುಖ ಬರುವುದು ಎಂಟು ರೀತಿ. ತಪ್ಪಿದ ಆ ಒಂದು ಸಲ ಮೊದಲನೆಯದೂ ಇರಬಹುದು, ಕೊನೆಯದೂ ಇರಬಹುದು. ಅಂದರೆ ಮೂವತ್ತೆರಡಕ್ಕೆ ಒಂದು, ಅರವತ್ತನಾಲ್ಕು ಮನೆಗೆ ಸುಮಾರು ಎರಡು. ಸುಮ್ಮನೆ ಹಾಗೇ ಬೀಳುತ್ತದೆ.

ದಶರಥ ತಲೆ ಎತ್ತದೆಯೇ ಕೇಳಿದ.

"ನಾಕು ಬರೂದು ಎಷ್ಟು ಮನಿಗ್ರಿ?"

"ಎಪ್ಪತ್ತು ರೀತಿ ಬರತೈತಿ. ಅಂದ್ರ ಹದಿನೇಳ ಹದಿನೆಂಟು ಮನಿ."

ದಶರಥ ಬಬಲೇಶ್ವರದ ಪಟ್ಟಿ ತೆಗೆದ. ಅರವತ್ತನಾಲ್ಕೂ ಮನೆಗೆ ಸರಿಯಾಗಿ ನಾಲ್ಕು. ಎಂಥ ನ್ಯಾಯದ ಪಟ್ಟಿ ಎಂದು ತಾನೇ ಮೆಚ್ಚಿ ಅದನ್ನು ಬದಿಗಿಟ್ಟಿದ್ದ.

*

ಬಬಲೇಶ್ವರದಲ್ಲಿ ಮನೆಮನೆ ಕೇಳಿದ. ನಾಣ್ಯ ಹಾರಿದ್ದನ್ನು ಕಂಡವರೇ ಇಲ್ಲ. ಎರಡು ಮೂರಕ್ಕಿಂತ ಹೆಚ್ಚು ಸೀರೆ ಯಾರಿಗೂ ಸಿಕ್ಕಿರಲಿಲ್ಲ. ಇಬ್ರಾಹಿಂಪುರದ ಮಾಲು ತನ್ನದೇ ಎಂದು ಅಂಗಡಿಯ ಶಂಕ್ರೆಪ್ಪ ಕೊನೆಗೆ ಒಪ್ಪಿಕೊಂಡ.

"ಹೆಚ್ಚು ಕಡಿಮಿ ಕಂಡ್ರ ಸಂಶೆ ಬರತೈತಂತ ಪಟ್ಟಿಯೊಳಗ ಎಲ್ಲಾರಿಗೂ ಸಮ ಬರದೀನ್ರಿ."

"ನಾಣ್ಯಕ್ಕ ಅಷ್ಟು ಸಮ ಹಂಚಾಕ ಬರಂಗಿಲ್ಲೋ," ಅಂದ ದಶರಥ.

*

ದಾವಲಬಿಯ ಬಿಡುಗಡೆಯಾಯಿತು. ಮರುದಿನ ಮಧ್ಯಾಹ್ನ ಓಣಿ ಖಾಲಿಯಿರುವ ಹೊತ್ತು ನೋಡಿ ದಶರಥ ಅವಳ ಮನೆಗೆ ಹೋದ. ದನಿ ತಗ್ಗಿಸಿ, ತಪ್ಪಾಯಿತು ಎಂದ.

"ಪೆಟ್ಟಿಗಿ ಸುರುವಿದಾಗ ಮಂದಿ ಭಾಳ ಇತ್ತರಿ, ಸಾಹೇಬ್ರ," ಅಂದಳು ಅವಳು. "ಈಗ ಯಾರೂ ಇಲ್ಲ."

ದಶರಥ ಟೊಪ್ಪಿಗೆ ತೆಗೆದು ಅವಳ ಕಟ್ಟೆಯ ಮೇಲೆ ನಿಂತ. ಹೊಲದಿಂದ ಮಂದಿ ಮರಳುವವರೆಗೂ ನಿಂತೇ ಇದ್ದ. ಆಮೇಲೆ ಕಳ್ಳ ಯಾರು, ತಾನು ಎಲ್ಲಿ ತಪ್ಪಿದೆ ಎಂಬುದನ್ನು ಕಡೆಯ ಮನೆಗೂ ಕೇಳುವಂತೆ ಹೇಳಿದ.