ನಾಲ್ಕು ನಿಮಿಷದ ಪುಡಿಂಗ್

ಮೀನು ಕರಿಯುವ ಅಂಗಡಿಯ ಮೂಲೆಯಲ್ಲಿ ಲಿನೆಟ್ ಬಸ್ಸಿಳಿದಾಗ ರಸೆಲ್ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವಳು ಕೈಚೀಲವನ್ನು ಹಿಂದಿನ ಸೀಟಿಗೆ ಎಸೆದು, ಮುಂದೆ ಕೂತು, ಕಿಟಕಿಯ ಕಡೆ ಮುಖ ತಿರುಗಿಸಿದಳು.

ಎರಡು ಬೀದಿ ದಾಟಿದರೆ ಅವನ ತಾಯಿ ಬೆರಿಲ್ ಅವರ ಮನೆ. ನಡೆದೇ ಹೋಗಬಹುದಿತ್ತು. ಆದರೆ ಮಗ ಸೊಸೆ ಒಂದೇ ಕಾರಿನಿಂದ ಇಳಿಯುವುದನ್ನು ಬೆರಿಲ್ ಪ್ರತಿ ಭಾನುವಾರ ಪರದೆ ಸರಿಸಿ ನೋಡುತ್ತಾರೆ. ಆ ನೋಟಕ್ಕಾಗಿ ಈ ಎರಡು ಬೀದಿಯ ದಾಂಪತ್ಯ.

ಇಬ್ಬರೂ ಬೇರೆಯಾದದ್ದು ಬೇಸಿಗೆಯಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ರಸೆಲ್‌ನ ಅಪ್ಪ ತೀರಿಕೊಂಡಿದ್ದರು. ಒಂದರ ಬೆನ್ನಿಗೊಂದು ಬೇಡ, ಕ್ರಿಸ್‌ಮಸ್ ಕಳೆಯಲಿ, ಆಮೇಲೆ ಅಮ್ಮನಿಗೆ ಹೇಳೋಣ ಎಂದು ಅವನು ಕೇಳಿಕೊಂಡಿದ್ದ. ಲಿನೆಟ್ ಒಪ್ಪಿದ್ದಳು. ಬೆರಿಲ್ ಎಂದರೆ ಅವಳಿಗೆ ಪ್ರಾಣ. ಬೆರಿಲ್ ಹೆತ್ತದ್ದರ ವಿಷಯ ಬೇರೆ.

ಬೇರೆಯಾಗಲು ದೊಡ್ಡ ಕಾರಣವೇನೂ ಇರಲಿಲ್ಲ. ಅಪ್ಪ ಹೋದ ಮೇಲೆ ರಸೆಲ್ ಮಾತು ನಿಲ್ಲಿಸಿದ್ದ, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಆ ಕೀತ್ಲಿ ಊರಿನ ಗಂಡಸು ಕೇಳಿರಲಾರ, ಬದುಕಿದ್ದು ಮಾತ್ರ ಅದರ ಪ್ರಕಾರವೇ. ಗೋಡೆಯ ಜೊತೆ ಸಂಸಾರ ಮಾಡಿ ಸಾಕಾಗಿ, ಕೊನೆಗೆ ಲಿನೆಟ್ ಹೋಗುತ್ತೇನೆ ಎಂದಳು. ಅವನು ಹೋಗಬೇಡ ಎನ್ನಲಿಲ್ಲ. ಅವಳ ಸೂಟ್‌ಕೇಸನ್ನು ತಾನೇ ಎತ್ತಿಕೊಂಡು ಬಂದು ಟ್ಯಾಕ್ಸಿಯಲ್ಲಿಟ್ಟ. ಆ ಸೂಟ್‌ಕೇಸನ್ನು ಅವಳು ಇವತ್ತಿಗೂ ಕ್ಷಮಿಸಿಲ್ಲ. ಒಂದೇ ಒಂದು ಸಲ ಹೋಗಬೇಡ ಎಂದಿದ್ದರೆ ಅವಳು ನಿಲ್ಲುತ್ತಿದ್ದಳು. ಈಗ ಅಂದರೂ ಬಹುಶಃ ನಿಂತಾಳು. ಆದರೆ ಅವನು ಬಾಯಿ ಬಿಡುವವನಲ್ಲ, ಅವಳು ಕೇಳಿ ಪಡೆಯುವವಳಲ್ಲ.

ಕಾರು ತಿರುಗಿದಾಗ ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಪರಪರ ಎಂದಿತು.

"ಇವತ್ತೂ ಅದೇನಾ?" ಎಂದ ರಸೆಲ್.

"ಅದೇ."

"ಅಮ್ಮನಿಗೆ ಗೊತ್ತಾಗುತ್ತೆ."

"ಆಗಲಿ ಬಿಡು. ನಿನಗೆ ಬಾಯಿ ಬಿಡೋ ಕಷ್ಟ ತಪ್ಪುತ್ತೆ."

ಅವನ ಕಿವಿ ಕೆಂಪಾಯಿತು. ಕೋಪ ಬಂದರೆ ಮೊದಲು ಕೆಂಪಾಗುವುದು ಎಡಗಿವಿ. ಒಂದು ಕಾಲದಲ್ಲಿ ಅವಳು ಅದನ್ನು ಬೆರಳಿನಿಂದ ಹಿಂಡಿ ನಗುತ್ತಿದ್ದಳು. ಈಗ ನೋಡಿಯೂ ನೋಡದವಳಂತೆ ಸೀಟ್‌ಬೆಲ್ಟ್ ಬಿಚ್ಚಿದಳು.

ಮಾಂಸವನ್ನು ಬೆರಿಲ್ ಬೆಳಗ್ಗೆಯೇ ಓವನ್‌ಗೆ ಇಟ್ಟಿರುತ್ತಾರೆ. ಉಳಿದದ್ದು ಸೊಸೆಯ ಪಾಲು. ಹಿಂದೆಲ್ಲ ಲಿನೆಟ್ ಬಂದವಳೇ ತೋಳು ಮಡಚಿ ಮೊಟ್ಟೆ, ಮೈದಾ, ಹಾಲು ಕಲಸಿ, ಊಟಕ್ಕೆ ಮಾಡುವ ಸಿಹಿಯಿಲ್ಲದ ಪುಡಿಂಗ್‌ನ ಹಿಟ್ಟು ಮಾಡುತ್ತಿದ್ದಳು. ಕಾದ ಕೊಬ್ಬಿಗೆ ಅದನ್ನು ಹುಯ್ದರೆ ಚುಂಯ್ ಎಂದು ಬಟ್ಟಲಿನ ಹಾಗೆ ಉಬ್ಬಿ, ಒಂದೊಂದೂ ಒಂದೊಂದು ಸೊಟ್ಟದಲ್ಲಿ ಏಳುತ್ತಿತ್ತು. ಈಗ ಮೂರು ಭಾನುವಾರದಿಂದ ಅಂಗಡಿಯ ಪ್ಯಾಕೆಟ್. ಪುಡಿಂಗ್ ಮಂಜುಗಟ್ಟಿದ್ದು, ಆಲೂಗಡ್ಡೆ ಹೆಚ್ಚಿಟ್ಟದ್ದು, ಗ್ರೇವಿಗೆ ಡಬ್ಬಿಯ ಪುಡಿ, ಮೇಲೆ ಬಿಸಿನೀರು. ಮೊದಲೆರಡು ವಾರ ಅವಳು ಪುಡಿಂಗ್‌ಗಳ ಅಂಚನ್ನು ಅಲ್ಲಲ್ಲಿ ಮುರಿದು, ಒಂದನ್ನು ಬೇಕೆಂದೇ ಕಪ್ಪಗೆ ಮಾಡಿ ಮನೆಯದೆಂಬ ಸೋಗು ಹಾಕಿದ್ದಳು. ಇವತ್ತು ಅದಕ್ಕೂ ಮನಸ್ಸು ಬರಲಿಲ್ಲ.

ರಸೆಲ್ ಖಾಲಿ ಪ್ಯಾಕೆಟ್ಟನ್ನು ತನ್ನ ಕೋಟಿನ ಒಳಜೇಬಿಗೆ ತುರುಕಿಕೊಂಡ. ಕಳ್ಳಮಾಲು ಸಾಗಿಸುವವನ ಹಾಗೆ ಕಾಣುತ್ತೀಯ ಎಂದು ಅವಳು ಚುಚ್ಚಿದಳು. ಕಳ್ಳಮಾಲು ತಂದವರು ಯಾರು ಎಂದು ಅವನು ತಿರುಗಿ ಚುಚ್ಚಿದ. ಒಳಗೆ ಕೇಳಿಸದಂತೆ ಪಿಸುದನಿಯಲ್ಲೇ ಇಬ್ಬರೂ ಎಣ್ಣೆ ಸೀಗೆಕಾಯಿಯಾದರು.

ಆ ಮನೆಯಲ್ಲಿ ಪುಡಿಂಗ್ ಮೊದಲು ಬರಬೇಕು, ಒಂದೇ ಬರಬೇಕು, ಮೇಲೆ ಗ್ರೇವಿ ಮಾತ್ರ. ಮಾಂಸ ಆಮೇಲೆ. "ಪುಡಿಂಗ್ ಜಾಸ್ತಿ ತಿಂದವರಿಗೆ ಮಾಂಸ ಜಾಸ್ತಿ" ಎಂದು ಬೆರಿಲ್ ಪ್ರತಿ ವಾರ ಹೇಳಿಯೇ ಚಮಚ ಎತ್ತುವುದು. ಹಾಗಾಗಿ ಅಡಗಿಸಲು ಅಲ್ಲಿ ಸೊಪ್ಪಿಲ್ಲ, ಕ್ಯಾರೆಟ್ಟಿಲ್ಲ. ಬಿಳಿ ತಟ್ಟೆಯ ಮೇಲೆ ಬೆತ್ತಲೆ ಪುಡಿಂಗ್.

ಇವತ್ತು ಬೆರಿಲ್ ಗಾದೆ ಹೇಳಲಿಲ್ಲ. ತಮ್ಮ ತಟ್ಟೆ ನೋಡಿದರು, ಮಗನದು ನೋಡಿದರು, ಸೊಸೆಯದು ನೋಡಿದರು. ಮೂರೂ ಒಂದೇ ಅಚ್ಚಿನಲ್ಲಿ ಬಿದ್ದ ಬಟ್ಟಲುಗಳು. ಚಮಚದ ಹಿಂಬದಿಯಿಂದ ಒಂದನ್ನು ತಟ್ಟಿದರು. ಟಕ್ ಎಂದಿತು.

"ನನ್ನ ತಂಗಿ ಐವಿ ಗೊತ್ತಲ್ಲ," ಎಂದರು. "ಅವಳು ಕಲ್ಲಿದ್ದಲು ಮಾರೋನ ಜೊತೆ ಓಡಿಹೋಗೋಕೆ ಮುಂಚೆ ಒಂದು ತಿಂಗಳು ಗಂಡನಿಗೆ ಡಬ್ಬಿ ಸಾರೇ ಬಡಿಸಿದ್ದು. ಹೆಂಗಸು ಅವಸರದಲ್ಲಿದ್ರೆ ಅಡುಗೆ ಕೆಡುತ್ತೆ ಕಣೇ ಲಿನೆಟ್. ಹೀಗೆ ಅಂಗಡಿದು ಆಗಲ್ಲ. ಹೀಗಾಗೋದು ಹೊರಟು ನಿಂತಾಗ. ಏನು ನಡೀತಿದೆ? ಇಬ್ಬರಲ್ಲಿ ಯಾರಾದ್ರೂ ಹೇಳಿ."

ಲಿನೆಟ್ ರಸೆಲ್‌ನ ಕಡೆ ನೋಡಿದಳು. ನಿನ್ನ ತಾಯಿ, ನೀನೇ ಹೇಳು ಎಂಬ ನೋಟ. ಅವನು ಅವಳನ್ನು ನೋಡಿದ, ತಟ್ಟೆಯನ್ನು ನೋಡಿದ. ಆಮೇಲೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಎದ್ದುಹೋದ.

ಅವಳಿಗೆ ಮೈಯೆಲ್ಲ ಉರಿಯಿತು. ಬೆರಿಲ್ ಅವರ ಕೈ ಒತ್ತಿ, ಒಂದು ನಿಮಿಷ ಅಮ್ಮಾ, ಬಂದೆ ಎಂದು ಹಿಂದೆಯೇ ನುಗ್ಗಿದಳು.

ಅವನು ಓವನ್‌ನ ಮುಂದೆ ನಿಂತಿದ್ದ. ಕೈಯಲ್ಲಿ ತಟ್ಟೆ ಹಾಗೇ ಇತ್ತು.

"ಸರಿ, ಓಡು," ಎಂದಳು. "ನಿನಗೆ ಬರೋದು ಅದೊಂದೇ. ನಾನೇ ಹೋಗಿ ಹೇಳ್ತೀನಿ. ಇವತ್ತಿಗೆ ಮುಗೀತು ಈ ನಾಟಕ."

"ಇದಕ್ಕೆ ನಾಲ್ಕು ನಿಮಿಷ ಸಾಕು, ಅಲ್ವಾ?" ಎಂದ ಅವನು.

"ಯಾವುದಕ್ಕೆ?"

"ಈ ಪ್ಯಾಕೆಟ್‌ಗೆ. ನೀನು ಮಾಡ್ತಿದ್ದದ್ದಕ್ಕೆ ಅರ್ಧ ಗಂಟೆ ಬೇಕಿತ್ತು." ಅವನು ತಟ್ಟೆಯನ್ನು ಕಟ್ಟೆಯ ಮೇಲಿಟ್ಟ. "ಬಾಗಿಲು ತೆಗೀಬಾರದು, ಪಕ್ಕದಲ್ಲಿ ಸದ್ದು ಮಾಡಬಾರದು, ಉಬ್ಬಿದ್ದು ಕುಸಿಯುತ್ತೆ ಅಂತ ನೀನೇ ಕೂರಿಸ್ತಿದ್ದೆ. ನೀನು ಆ ಸ್ಟೂಲಲ್ಲಿ, ನಾನು ಈ ಸ್ಟೂಲಲ್ಲಿ. ಓವನ್ ಗಾಜಿನ ಬೆಳಕು ನಿನ್ನ ಮುಖದ ಮೇಲೆ. ನೀನು ಮನೆ ಬಿಟ್ಟ ಮೇಲೂ ಆ ಅರ್ಧ ಗಂಟೆ ಇತ್ತು ಲಿನೆಟ್. ಅದು ಇರೋವರೆಗೆ ಇನ್ನೂ ಎಲ್ಲ ಮುಗಿದಿಲ್ಲ ಅಂದ್ಕೊಂಡಿದ್ದೆ. ವಾರವೆಲ್ಲ ಅದಕ್ಕೇ ಕಾಯ್ತಿದ್ದೆ."

ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

"ನಾನೂ ಅದಕ್ಕೇ ಕಾಯ್ತಿದ್ದೆ ಕಣೋ ಪುಣ್ಯಾತ್ಮ! ಅರ್ಧ ಗಂಟೆ ಪಕ್ಕದಲ್ಲೇ ಕೂರ್ತಾನೆ, ಇವತ್ತು ಏನಾದ್ರೂ ಅಂತಾನೆ, ಇವತ್ತು ಅಂತಾನೆ ಅಂತ. ಒಂದು ಅಕ್ಷರ ಇಲ್ಲ. ಆ ಅರ್ಧ ಗಂಟೆ ಇನ್ನೊಂದು ಸಲ ನನ್ನ ಕೈಲಿ ಆಗಲ್ಲ ಅಂತಲೇ ಪ್ಯಾಕೆಟ್ ತಂದಿದ್ದು."

"ಪುಡಿಂಗ್ ಮುಂದೆ ಮಾತಾಡಬಾರದು ಅಂತ ನೀನೇ ಅಲ್ವಾ ಹೇಳಿದ್ದು?"

ಲಿನೆಟ್ ಹೇಳಿದ್ದು ನಿಜ. ಮದುವೆಯಾದ ಹೊಸತರಲ್ಲಿ, ತನ್ನಜ್ಜಿ ಹೇಳುತ್ತಿದ್ದ ಮಾತು ಎಂದು, ತುಟಿಗೆ ಬೆರಳಿಟ್ಟು. ಆಗ ಅವನು ಬಾಯಿ ತುಂಬ ಮಾತಾಡುವ ಹುಡುಗ. ಕುಸಿಯುವುದು ಬಾಗಿಲು ತೆರೆದರೆ, ಮಾತಿಗಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಅಷ್ಟಕ್ಕೇ ಕರಗುವವಳಲ್ಲ ಅವಳು. ಹಿಟ್ಟಿನ ಡಬ್ಬಿಯನ್ನು ಕುಕ್ಕಿ ಕೆಳಗಿಳಿಸಿದಳು. ಮೊಟ್ಟೆಗಳನ್ನು ಶತ್ರುವಿನ ತಲೆ ಒಡೆದಂತೆ ಒಡೆದಳು, ಹಾಲು ಸುರಿದಳು, ಬಡಿದಳು. ಹಿಟ್ಟು ನೆನೆಯಲು ಬಿಡದೆ ಕಾದ ಕೊಬ್ಬಿಗೆ ಹುಯ್ದು, ಓವನ್ ಮುಚ್ಚಿ, ಸ್ಟೂಲನ್ನು ಕಾಲಿನಿಂದ ಅವನ ಕಡೆ ತಳ್ಳಿದಳು.

"ಕೂತ್ಕೋ. ಮಾತಾಡು. ಮೊದಲು ಆ ಸೂಟ್‌ಕೇಸು. ಯಾಕೆ ಎತ್ತಿ ಕೊಟ್ಟೆ?"

"ಭಾರ ಇತ್ತಲ್ಲ."

"ರಸೆಲ್."

ಅವನು ತನ್ನ ಅಂಗೈ ನೋಡಿಕೊಂಡ. "ಹೋಗಬೇಡ ಅನ್ನೋಕೆ ಬಾಯೇ ಬರಲಿಲ್ಲ. ಅಪ್ಪನಿಗೂ ಅಂದಿದ್ದೆ, ಆಸ್ಪತ್ರೇಲಿ, ಹೋಗಬೇಡಿ ಅಂತ. ಹೋದ್ರು. ಇನ್ನೊಂದು ಸಲ ಹಂಗಾದ್ರೆ ಏನು ಮಾಡಲಿ ಅಂತ ಹೆದರಿದೆ. ಸೂಟ್‌ಕೇಸ್ ಹಿಡ್ಕೊಂಡ್ರೆ ಬೀದಿವರೆಗಾದ್ರೂ ನಿನ್ನ ಜೊತೆ ನಡೀಬಹುದು ಅನ್ನಿಸ್ತು. ಅದಕ್ಕೇ ಎತ್ತಿದೆ."

ಈ ಸಲ ಸುಮ್ಮನಾಗುವ ಸರದಿ ಅವಳದು.

"ಹೋಗಬೇಡ," ಎಂದ ಅವನು. ಬಹಳ ದಿನದಿಂದ ಬಳಸದ ಮಾತು ಒಡೆದು ಒಡೆದು ಬಂತು. "ಈಗ ಹೇಳಿದ್ದು ತಡ ಆಯ್ತು. ಆದರೂ ಹೋಗಬೇಡ."

ಅವಳು ಕೈ ಚಾಚಿ ಅವನ ಎಡಗಿವಿಯನ್ನು ಹಿಡಿದಳು. ಮೆಲ್ಲಗಲ್ಲ, ನೋಯುವ ಹಾಗೆಯೇ ಹಿಂಡಿದಳು. ಬೇಸಿಗೆಯಿಂದ ಕೂಡಿಟ್ಟದ್ದೆಲ್ಲ ಆ ಹಿಡಿತದಲ್ಲಿತ್ತು. ಆಮೇಲೆ ಅತ್ತಳು. ಅವನೂ ಅತ್ತ, ಕಿವಿ ಬಿಡಿಸಿಕೊಳ್ಳದೆ.

ಅರ್ಧ ಗಂಟೆ ಮೀರಿ ಸುಟ್ಟ ವಾಸನೆ ಬಂದದ್ದು ಇಬ್ಬರಿಗೂ ತಿಳಿಯಿತು. ಇಬ್ಬರೂ ಏಳಲಿಲ್ಲ.

ಬಾಗಿಲಲ್ಲಿ ಬೆರಿಲ್ ನಿಂತಿದ್ದರು. ಗಲ್ಲದ ಮೇಲೆ ಒಂದು ಹನಿ ಗ್ರೇವಿ. ಹೊಗೆಯನ್ನು ನೋಡಿದರು, ಮಗನ ಕಿವಿಯನ್ನು ನೋಡಿದರು, ಸೊಸೆಯ ಕೈಯನ್ನು ನೋಡಿದರು.

"ಆ ಪ್ಯಾಕೆಟ್‌ದು ಎರಡೂ ನಾನೇ ತಿಂದೆ," ಎಂದರು. "ಹಸಿವಾಗಿತ್ತು. ಅಷ್ಟೇನೂ ಕೆಟ್ಟದಾಗಿಲ್ಲ. ನೀವು ಮಾತಾಡಿ, ಮಾಂಸ ನಾನೇ ಕೊಯ್ಕೋತೀನಿ."

ಬೆರಿಲ್ ಕೈಯಾರೆ ಬಾಗಿಲು ಎಳೆದುಕೊಂಡರು. ಲಿನೆಟ್ ಮೂಗೊರೆಸಿಕೊಂಡು ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದಳು.

"ಮುಂದೆ ಹೇಳು," ಎಂದಳು.