ಅರಬೈಲು ಘಟ್ಟದಲ್ಲಿ ರಸಜ್ಞೆ

"ಮೊದಲನೆಯ ನಳಿಕೆ. ಸಾದಾ ಇಂಧನ. ಹದಿನೆಂಟು ಲೀಟರ್."

ಗಾಡಿಯ ಇಂಧನ ತೊಟ್ಟಿಯ ಬಾಯಿಗೆ ಕೂಡಿಸಿದ್ದ ಬಳೆಗಾತ್ರದ ಉಂಗುರವೊಂದು ಹೀಗೆಂದಿತು. ದಸ್ತಗೀರ ನದಾಫ ಮಾತ್ರ ಕೈಯಲ್ಲಿದ್ದ ಕೆಂಪು ನಳಿಕೆಯನ್ನು ಕೆಳಗಿಡಲಿಲ್ಲ. ಕಲಘಟಗಿಯ ಬಂಕಿನಲ್ಲಿ ಬೆಳಗಿನ ಆರೂವರೆ. ಫೆಬ್ರವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ.

"ಬಾಯಾರ, ಒಂಬತ್ತು ವರ್ಷ ಆತು ಈ ಗಾಡಿ ನನ್ನ ಕೈಯಾಗ. ನೂರರದ್ದು ಬಿಟ್ಟು ಬ್ಯಾರೆ ಒಂದ್ ಹನಿ ಹಾಕಿಲ್ಲ. ಮಗಳಿಗೆ ತುಪ್ಪಾ ಹಾಕಿ ಉಣಸಿದಂಗ ಉಣಸೇನಿ."

"ಗೊತ್ತದ ದಸ್ತಗೀರಣ್ಣ. ಅದಕ್ಕ ಅದು ಎರಡ ಸಲ ದಾರ್‍ಯಾಗ ನಿಂತದ," ಎಂದರು ಡಾ. ಮುಕ್ತಾ ಹಾವನೂರ.

ದಸ್ತಗೀರ ತುಟಿ ಬಿಗಿಹಿಡಿದು ಕೆಂಪು ನಳಿಕೆಯನ್ನು ಅದರ ಗೂಡಿಗೆ ಸೇರಿಸಿದ. ಸಾದಾ ನಳಿಕೆಯನ್ನು ಎತ್ತಿಕೊಂಡಾಗ ಅವನ ಮುಖ ಹಾಲಿಗೆ ನೀರು ಬೆರೆಸಲು ಹೇಳಿಸಿಕೊಂಡವನ ಹಾಗಿತ್ತು.

ಅದು ೨೦೬೧ನೆಯ ಇಸವಿ. ಊರೊಳಗಿನ ವಾಹನಗಳೆಲ್ಲ ವಿದ್ಯುತ್ತಿಗೆ ಬದಲಾಗಿ ಬಹಳ ಕಾಲವಾಗಿತ್ತು. ಕಾಡು ಮತ್ತು ಘಟ್ಟದ ದೂರದ ದಾರಿಗಳಲ್ಲಿ ಮಾತ್ರ ಹೈಬ್ರಿಡ್ ಕಾರುಗಳು, ಅಂದರೆ ಬ್ಯಾಟರಿ ಮತ್ತು ಎಂಜಿನ್ ಎರಡನ್ನೂ ಹೊತ್ತ ಗಾಡಿಗಳು, ಉಳಿದುಕೊಂಡಿದ್ದವು. ಅವುಗಳಿಗೆ ಬೇಕಾದ ಇಂಧನ ಈಗ ನೆಲದಡಿಯಿಂದ ಬರುತ್ತಿರಲಿಲ್ಲ. ಕಬ್ಬಿನ ಸಿಪ್ಪೆ, ಗೋವಿನಜೋಳದ ದಂಟು, ಕೆರೆಯ ಪಾಚಿ, ಹೀಗೆ ಹತ್ತಾರು ಮೂಲಗಳಿಂದ ತಯಾರಾಗುತ್ತಿತ್ತು. ಬಂಕುಗಳಲ್ಲಿ ಏಳೇಳು ನಳಿಕೆಗಳಿದ್ದವು. ಅವುಗಳ ಮೇಲೆ 'ಸಾದಾ' ಎಂಬುದರಿಂದ ಹಿಡಿದು, ನೂರು ಎಂಬ ಅಂಕಿ ಹೊತ್ತ ಕೆಂಪು ನಳಿಕೆಯ 'ಮಹಾರಾಜ' ಎಂಬುದರವರೆಗೆ ಹೆಸರುಗಳು. ಯಾವ ಗಾಡಿಗೆ ಯಾವುದು ಹಾಕಬೇಕೆಂಬುದು ಯಾರಿಗೂ ಸರಿಯಾಗಿ ತಿಳಿಯದ ಕಾರಣ ಗಾಡಿಯನ್ನು ಪ್ರೀತಿಸುವವರೆಲ್ಲ ಮಹಾರಾಜನನ್ನೇ ಹಾಕಿಸುತ್ತಿದ್ದರು.

ದಸ್ತಗೀರನ ಗಾಡಿಯಲ್ಲಿ ಡಯಾಲಿಸಿಸ್ ಯಂತ್ರವಿತ್ತು. ಮೂತ್ರಪಿಂಡಗಳು ಸೋತವರ ರಕ್ತವನ್ನು ಹೊರಗೆ ಹರಿಸಿ, ಶುದ್ಧಗೊಳಿಸಿ, ಮತ್ತೆ ಮೈಗೆ ಸೇರಿಸುವ ಯಂತ್ರ ಅದು. ಘಟ್ಟದ ಮೇಲೆ ಕೆಳಗೆ ಇಪ್ಪತ್ತಾರು ಜನ ಈ ಗಾಡಿಯನ್ನೇ ನಂಬಿದ್ದರು. ಮೂರು ದಿನಗಳ ಹಿಂದೆ ಗಾಡಿ ಅರಬೈಲಿನ ತಿರುವಿನಲ್ಲಿ ನಿಂತುಬಿಟ್ಟಿತ್ತು. ಯಲ್ಲಾಪುರದ ವಾಗ್ದೇವಿ ಟೀಚರಿಗೆ ಆ ದಿನದ ಸರದಿ ತಪ್ಪಿಹೋಯಿತು. ಒಂದು ವರ್ಷದಲ್ಲಿ ಇದು ಎರಡನೆಯ ಸಲ. ಮತ್ತೊಮ್ಮೆ ನಿಂತರೆ ಸೇವೆಯನ್ನೇ ಮುಚ್ಚುವುದಾಗಿ ಮೇಲಿನವರು ಹೇಳಿಯಾಗಿತ್ತು.

ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷಗಳಿಂದ ಇಂಧನಗಳ ರಸಾಯನವನ್ನೇ ಅಭ್ಯಾಸ ಮಾಡಿದ್ದ ಮುಕ್ತಾ ಆ ಎಂಜಿನ್ನಿನ ಎಣ್ಣೆಯನ್ನು ಪರೀಕ್ಷಿಸಿದ್ದರು. ಎಣ್ಣೆ ನೀರಿನಂತೆ ತೆಳ್ಳಗಾಗಿತ್ತು. ಹೊಸ ಎಣ್ಣೆ ಹಾಕಿಸಿ ಇಂದು ತಾವೂ ಗಾಡಿ ಹತ್ತಿದ್ದರು. ದಾರಿಯಲ್ಲಿ ಹಳೆಯ ಎಣ್ಣೆ ಕೆಟ್ಟದ್ದೇಕೆಂದು ದಸ್ತಗೀರನಿಗೆ ವಿವರಿಸಿದರು.

"ಹೈಬ್ರಿಡ್ ಎಂಜಿನ್ ನಡುನಡುವ ಎದ್ದು ಮತ್ತ ಮಲಗತದ. ಸರಿಯಾಗಿ ಕಾಯೂದಽ ಇಲ್ಲ. ನಿಮ್ಮ ಮಹಾರಾಜನೊಳಗ ಮದ್ಯಸಾರ ಭಾಳ. ತಣ್ಣನ ಎಂಜಿನ್‌ನ್ಯಾಗ ಅದು ಆವಿ ಆಗೂದಿಲ್ಲ, ಹನಿಹನಿ ಕೆಳಗ ಇಳದು ಎಣ್ಣಿಗೆ ಕೂಡತದ. ಎಣ್ಣಿ ತೆಳ್ಳಗಾಗಿ ಎಂಜಿನ್ ನಿಂತಬಿಡತದ."

"ಹಂಗಾರ ಆ ನೂರು ಅನ್ನೂ ನಂಬರ್ ಸುಳ್ಳೇನ್ರಿ?"

"ಸುಳ್ಳಲ್ಲ. ಅದು ಆಕ್ಟೇನ್ ಸಂಖ್ಯೆ. ಎಷ್ಟು ಒತ್ತಿದರೂ ತಾನಾಗಿ ಹೊತ್ತಿಕೊಳ್ಳದಂಗ ತಡಕೊಳ್ಳೂ ಶಕ್ತಿ. ತಾಳ್ಮಿ ಅನ್ರಿ. ತಾಳ್ಮಿ ಬೇರೆ, ಬಲ ಬೇರೆ."

ಆ ಉಂಗುರಕ್ಕೆ ಮುಕ್ತಾ ರಸಜ್ಞೆ ಎಂದು ಹೆಸರಿಟ್ಟಿದ್ದರು. ಹಳೆಯ ಮಾತಿನಲ್ಲಿ ಹಾಗೆಂದರೆ ನಾಲಗೆ. ತೊಟ್ಟಿಯಲ್ಲಿ ಉಳಿದ ಇಂಧನವನ್ನು ಅದು ಬೆಳಕಿನ ಕಿರಣದಿಂದ ನೆಕ್ಕಿ ನೋಡುತ್ತಿತ್ತು. ಎಂಜಿನ್ನಿನ ಕಾವು, ಬ್ಯಾಟರಿಯ ಬಲ, ಹೊರಗಿನ ಬಿಸಿಲು, ಮುಂದಿನ ದಾರಿಯ ಏರಿಳಿತ ಎಲ್ಲವನ್ನೂ ಕೇಳಿ ತಿಳಿದು, ಆ ಹೊತ್ತಿನ ಆ ಪ್ರಯಾಣಕ್ಕೆ ಯಾವುದು ತಕ್ಕದ್ದೋ ಅದನ್ನಷ್ಟೇ ಹೇಳುತ್ತಿತ್ತು.

ಗಾಡಿ ಯಲ್ಲಾಪುರ ದಾಟಿ, ಘಟ್ಟ ಇಳಿದು ಒಂಬತ್ತರ ಹೊತ್ತಿಗೆ ರಾಮನಗುಳಿ ಸೇರಿತು. ವಾಗ್ದೇವಿ ಟೀಚರ ಸರದಿ ಸಂಜೆ ಮರಳುವಾಗ ಇತ್ತು. ದಾರಿಯುದ್ದಕ್ಕೂ ಎಂಜಿನ್ ಹನ್ನೆರಡು ಸಲ ಎದ್ದು ಮಲಗಿತ್ತು, ಒಮ್ಮೆಯೂ ಮುಗ್ಗರಿಸಿರಲಿಲ್ಲ. ನರ್ಸ್ ಜೂಲಿಯಾನಾ ಸಿದ್ದಿ ಹಿಂದಿನ ಬಾಗಿಲು ತೆರೆದು ಆ ದಿನದ ಮೊದಲ ರೋಗಿ ಬೊಮ್ಮು ಗೌಡರನ್ನು ಮಲಗಿಸಿದಳು. ಸಾಮಾನ್ಯವಾಗಿ ಊರಿನ ವಿದ್ಯುತ್ತಿನಿಂದಲೇ ಯಂತ್ರ ನಡೆಯುತ್ತಿತ್ತು. ಅಂದು ತಂತಿಯ ಮೇಲೆ ಮರ ಬಿದ್ದು ಊರಿಗೇ ಕರೆಂಟಿರಲಿಲ್ಲ. ಹೀಗಾಗಿ ನಾಲ್ಕು ಗಂಟೆ ಗಾಡಿಯ ಬ್ಯಾಟರಿಯೇ ಯಂತ್ರವನ್ನು ನಡೆಸಿತು. ಬೊಮ್ಮು ಗೌಡರು ಎದ್ದು ಕುಳಿತು ಗಂಜಿ ಕುಡಿಯುವಾಗ ಬ್ಯಾಟರಿಯಲ್ಲಿ ಉಳಿದದ್ದು ನೂರಕ್ಕೆ ಒಂಬತ್ತು ಪಾಲು.

ಆಗಲೇ, ಒಂದೂವರೆಯ ಹೊತ್ತಿಗೆ, ಯಲ್ಲಾಪುರದಿಂದ ಜೂಲಿಯಾನಾಳಿಗೆ ಫೋನು ಬಂತು. ಆಕೆ ಮಾತು ಮುಗಿಸಿ ಮುಕ್ತಾರ ಕಡೆ ತಿರುಗಿದಳು.

"ವಾಗ್ದೇವಿ ಟೀಚರಿಗೆ ಉಸಿರು ಕಟ್ತಾ ಉಂಟಂತೆ ಮೇಡಂ. ಮೈಯಲ್ಲಿ ನೀರು ತುಂಬಿದೆ. ಮಧ್ಯಾಹ್ನ ಮೂರು ಹೊಡೆಯುವುದರೊಳಗೆ ನಾವು ಅಲ್ಲಿರಬೇಕು."

ನಿಂತಲ್ಲೇ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಲು ಎರಡು ಗಂಟೆ ಬೇಕು. ಅಷ್ಟು ಸಮಯವಿರಲಿಲ್ಲ. ಬ್ಯಾಟರಿಯ ಆಸರೆಯಿಲ್ಲದೆ, ಉರಿಬಿಸಿಲಿನಲ್ಲಿ, ಯಂತ್ರದ ಭಾರ ಹೊತ್ತು ಎಂಜಿನ್ನೊಂದೇ ಘಟ್ಟ ಹತ್ತಬೇಕು. ಸೌರಶಕ್ತಿಯಿಂದ ನಡೆಯುವ ಊರಂಚಿನ ಬಂಕಿನಲ್ಲಿ ಮುಚ್ಚಳ ತೆರೆದಾಗ ರಸಜ್ಞೆ ನುಡಿಯಿತು:

"ಏಳನೆಯ ನಳಿಕೆ. ನೂರು ಆಕ್ಟೇನ್. ಹದಿನಾರು ಲೀಟರ್."

ಮುಕ್ತಾ ಬೆಚ್ಚಿದರು. ಸಾದಾ ಇಂಧನವೇ ಸಾಕೆಂದು ಹತ್ತು ವರ್ಷ ಬರೆದವರು, ಸಭೆಗಳಲ್ಲಿ ವಾದಿಸಿದವರು ಅವರು. ಎಂಜಿನ್ ಹಾಳು ಮಾಡಿದ ಅದೇ ಕೆಂಪು ನಳಿಕೆಯನ್ನು ಈಗ ತಮ್ಮದೇ ಉಪಕರಣ ಕೇಳುತ್ತಿದೆ! ಉಂಗುರ ಕೆಟ್ಟಿತೋ ಏನೋ ಎಂದು ಒರೆಸಿ ಮತ್ತೆ ಕೂಡಿಸಿದರು. ಅದೇ ಉತ್ತರ.

"ಏನೋ ತಪ್ಪಾಗೇದ. ಸಾದಾನಽ ಹಾಕ್ರಿ ದಸ್ತಗೀರಣ್ಣ," ಎಂದರು.

ದಸ್ತಗೀರ ಅಲುಗಲಿಲ್ಲ. "ಬಾಯಾರ, ಮುಂಜಾನೆ ನನ್ನ ಮನಸು ಒಲ್ಲೆ ಅಂದ್ರೂ ನಾ ಅದರ ಮಾತು ಕೇಳಿದೆ. ಈಗ ನಿಮ್ಮ ಪಾಳಿ. ಅದು ನಿಮ್ಮ ಮಾತೂ ಕೇಳೂದಿಲ್ಲ, ನನ್ನ ಮಾತೂ ಕೇಳೂದಿಲ್ಲ. ಹಂಗಂತನಽ ಅಲ್ರೀ ಅದನ್ನ ಮಾಡಿದ್ದು?"

ಮುಕ್ತಾ ಘಟ್ಟದ ಏರಿನತ್ತ ನೋಡಿದರು. ಅವರು ಹೇಳುತ್ತ ಬಂದದ್ದು ತಣ್ಣನೆಯ ಎಂಜಿನ್ನಿನ ಲೆಕ್ಕ. ಮುಂದಿನ ಒಂದು ಗಂಟೆ ಈ ಎಂಜಿನ್ ತಣ್ಣಗಿರುವುದಿಲ್ಲ, ಕಾದ ಕಬ್ಬಿಣವಾಗಿರುತ್ತದೆ. ಆ ಒತ್ತಡದಲ್ಲಿ ಸಾದಾ ಇಂಧನ ಕಿಡಿಗೆ ಕಾಯದೆ ತಾನೇ ಸಿಡಿಯುತ್ತದೆ. ಚಾಲಕರು ನಾಕಿಂಗ್ ಎನ್ನುವ ಆ ಟಕಟಕ ಶುರುವಾದರೆ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಬಲ ಇಳಿಸುತ್ತದೆ. ಗಾಡಿ ತೆವಳುತ್ತದೆ. ಇಂಥ ಏರಿಗೆ ತಾಳ್ಮೆಯೇ ಬೇಕು.

"ಹಾಕ್ರಿ," ಎಂದರು. "ಸರಿಯಾಗಿ ಹದಿನಾರಽ ಹಾಕ್ರಿ."

ಅರಬೈಲಿನ ಮೊದಲ ತಿರುವಿನಲ್ಲಿ ಗಾಡಿಯ ಮುಂದೆ ಕಬ್ಬಿಣ ಹೇರಿದ ಲಾರಿಯೊಂದು ಏದುಸಿರು ಬಿಡುತ್ತಿತ್ತು. ದಸ್ತಗೀರ ಅದನ್ನು ಹಿಂದಿಕ್ಕಿದ. ಎರಡನೆಯ ತಿರುವು, ಮೂರನೆಯದು. ಎಂಜಿನ್ನಿನ ಕಾವು ಏರಿತು, ಸದ್ದು ಮಾತ್ರ ಒಂದೇ ಹದದಲ್ಲಿ ಉಳಿಯಿತು. ಮುಕ್ತಾ ಕಣ್ಣು ಮುಚ್ಚಿ ಆ ಟಕಟಕಕ್ಕಾಗಿ ಕಿವಿಗೊಟ್ಟು ಕುಳಿತಿದ್ದರು. ಅದು ಬರಲಿಲ್ಲ. ಮೂರು ದಿನಗಳ ಹಿಂದೆ ನಿಂತ ಜಾಗ ಬಂದಾಗಲೂ ದಸ್ತಗೀರ ವೇಗ ತಗ್ಗಿಸಲಿಲ್ಲ. ಗಾಡಿ ಆ ಜಾಗವನ್ನು ದಾಟಿ, ಕೊನೆಯ ಏರನ್ನೂ ಹತ್ತಿ, ಘಟ್ಟದ ತಲೆಗೆ ಬಂದು ಬಯಲಿನ ಗಾಳಿಗೆ ಮುಖವೊಡ್ಡಿತು.

"ಹತ್ತಿದ್ಲು ನನ್ನ ಮಗಳು!" ಎಂದು ದಸ್ತಗೀರ ಕೂಗಿದ. ಹಿಂದಿನಿಂದ ಜೂಲಿಯಾನಾ ಸಿಳ್ಳೆ ಹಾಕಿದಳು.

ಎರಡೂಮುಕ್ಕಾಲಿಗೆ ಅವರು ಯಲ್ಲಾಪುರದಲ್ಲಿದ್ದರು. ಅಲ್ಲಿ ಕರೆಂಟಿತ್ತು. ವಾಗ್ದೇವಿ ಟೀಚರ್ ಮನೆಯ ಜಗಲಿಯಲ್ಲಿ ದಿಂಬಿಗೊರಗಿ, ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದರು. ಸಂಜೆ ಏಳರ ಹೊತ್ತಿಗೆ ಅವರ ಮುಖದ ಬಾವು ಇಳಿದಿತ್ತು. ಉಸಿರು ಹಗುರವಾಗಿತ್ತು. ಯಂತ್ರದ ಕೊಳವೆ ಬಿಡಿಸುತ್ತಿದ್ದ ಜೂಲಿಯಾನಾಳನ್ನು ಕೇಳಿದರು, "ಈ ಸಲ ಗಾಡಿಗೆ ಏನು ಔಷಧಿ ಕೊಟ್ರಿ?"

ಬಾಗಿಲಲ್ಲಿ ನಿಂತಿದ್ದ ದಸ್ತಗೀರನೇ ಉತ್ತರ ಕೊಟ್ಟ: "ಬೇಕಾದ್ದು ಕೊಟ್ವಿರಿ ಟೀಚರ್. ಎಷ್ಟ ಬೇಕೋ ಅಷ್ಟಽ."

ಸೇವೆ ಉಳಿಯಿತು. ಮರುವರ್ಷ ಅಂಥ ಗಾಡಿಗಳು ಹನ್ನೊಂದು ತಾಲೂಕುಗಳಿಗೆ ಹೋದವು, ಪ್ರತಿಯೊಂದರಲ್ಲೂ ರಸಜ್ಞೆ ಇತ್ತು. ಐದು ವರ್ಷಗಳಲ್ಲಿ ರಾಜ್ಯದ ಹೈಬ್ರಿಡ್ ಕಾರುಗಳೆಲ್ಲ ಅದನ್ನು ಧರಿಸಿದವು. ಹತ್ತರಲ್ಲಿ ಒಂಬತ್ತು ಸಲ ಅದು ಸಾದಾ ಇಂಧನವನ್ನೇ ಕೇಳುತ್ತಿತ್ತು. ಬಂಕುಗಳಲ್ಲಿ ಏಳು ನಳಿಕೆಗಳಿದ್ದಲ್ಲಿ ಮೂರು ಉಳಿದವು. ಮಹಾರಾಜನೆಂಬ ಹೆಸರು ಅಳಿಸಿಹೋಗಿ ಅಲ್ಲಿ 'ಏರುದಾರಿಗೆ' ಎಂದು ಬರೆಯಲಾಯಿತು. ಇಂಧನದ ಹೆಸರು ಕೇಳಿ ಗಾಡಿಯ ಒಡೆಯನ ಅಂತಸ್ತು ಅಳೆಯುವ ಚಟ ಸದ್ದಿಲ್ಲದೆ ಮರೆಯಾಯಿತು.

ಕೆಲಸದಿಂದ ನಿವೃತ್ತನಾದ ಮೇಲೂ ದಸ್ತಗೀರ ಆಗಾಗ ಪ್ರಯೋಗಾಲಯಕ್ಕೆ ಬರುತ್ತಿದ್ದ. ಅಂಥ ಒಂದು ದಿನ ಅಭ್ಯಾಸಕ್ಕೆಂದು ೨೦೨೫ರ ಹೈಬ್ರಿಡ್ ಕಾರೊಂದನ್ನು ಅಲ್ಲಿಗೆ ತಂದಿದ್ದರು. ಬಣ್ಣ ಮಾಸಿದ ಪುಟ್ಟ ಕಾರು. ಅವನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅಭ್ಯಾಸಬಲದಿಂದ ಇಂಧನದ ಬಾಗಿಲನ್ನು ತೆರೆದ. ಕನ್ನಡಕ ಏರಿಸಿ ಬಗ್ಗಿ ನೋಡಿದ. ಒಳಬದಿಯಲ್ಲಿ ಅಂಗೈಗಿಂತ ಚಿಕ್ಕದೊಂದು ಚೀಟಿ ಅಂಟಿಸಿತ್ತು.

"ಬಾಯಾರ, ಇಲ್ಲಿ ಬರ್‍ರಿ! ತೊಂಬತ್ತೊಂದು ಆಕ್ಟೇನ್ ಅಂತ ಬರದಾರಲ್ರಿ ಇಲ್ಲೆ!"

ಮುಕ್ತಾ ಹತ್ತಿರ ಬಂದು ಓದಿದರು. ಕಾರು ಮಾಡಿದವರೇ ಅಂಟಿಸಿದ ಚೀಟಿ. ಅಕ್ಷರಗಳು ಇನ್ನೂ ಸ್ಪಷ್ಟವಾಗಿದ್ದವು.

"ಹಂಗಾರ ಆಗಿನ ಮಂದಿ ಇಂಧನ ಹಾಕ್ಸೂ ಮುಂದ ಪ್ರತಿ ಸಲ ಈ ಬಾಗಿಲಾ ತಗೀತಿದ್ರಲ್ರಿ," ಎಂದ ದಸ್ತಗೀರ. "ಉತ್ತರ ಕಣ್ಣ ಮುಂದಽ ಇತ್ತು. ಆದ್ರೂ ಬಂಕಿನಾಗ ನಿಂತು ಯಾವುದು ಛಲೋ ಅಂತ ಕೇಳ್ತಿದ್ರ?"

"ಕೇಳ್ತಿದ್ರು," ಎಂದರು ಮುಕ್ತಾ. "ಯಾವುದು ಛಲೋ ಅಂತಽ ಕೇಳ್ತಿದ್ರು. ನನ್ನ ಗಾಡಿಗೆ ಯಾವುದು ಬೇಕು ಅಂತ ಕೇಳಿದ್ದಿದ್ರ, ಬಗ್ಗಿ ಈ ಚೀಟಿ ಓದತಿದ್ರು."